ಎರಡು ಶಿಶುವಿಹಾರ, ಒಂದು ಚೊಂಬು ಹಾಲು

ನಮ್ಮ ಊರಿನಲ್ಲಿ ಯಾರಾದರೂ ಗೊತ್ತಿದ್ದೂ ಸುಳ್ಳು ಹೇಳಿದರೆ ಹತ್ತಿರದಲ್ಲಿ ತೆರೆದಿಟ್ಟ ಹಾಲು ಒಡೆಯುತ್ತದೆ. ಹಾಗಾಗಿ ಬೆಳಿಗ್ಗೆ ಹಾಲು ಬಂದು, ಕಾದು, ಆರಿ, ಮುಚ್ಚಳ ಬೀಳುವ ತನಕ ನಮ್ಮಲ್ಲಿ ಗಂಡ ಹೆಂಡತಿ ಜಾಸ್ತಿ ಮಾತಾಡುವುದಿಲ್ಲ. ಮುಚ್ಚಿಟ್ಟ ಹಾಲಿಗೆ ಕಿವಿಯಿಲ್ಲ ಎನ್ನುವುದು ಇಲ್ಲಿಯ ಗಾದೆ. ಅಜ್ಜಿಯರು ಕಥೆ ಹೇಳಬೇಕೆಂದರೆ ಮಕ್ಕಳನ್ನು ಕರೆದುಕೊಂಡು ತಾರಸಿಗೆ ಹೋಗುತ್ತಾರೆ, ಏಕೆಂದರೆ ಹಾಲಿಗೆ ಕಥೆಗೂ ಸುಳ್ಳಿಗೂ ವ್ಯತ್ಯಾಸ ತಿಳಿಯದು. ಹೆಣ್ಣು ನೋಡುವುದಿರಲಿ, ಮನೆ ಕೊಳ್ಳುವುದಿರಲಿ, ಅಣ್ಣತಮ್ಮಂದಿರು ಪಾಲಾಗುವುದಿರಲಿ, ನಡುವೆ ಒಂದು ಚೊಂಬು ಹಾಲು ಇಡಬೇಕು. ಅದಕ್ಕೆ ಸಾಕ್ಷಿಹಾಲು ಎನ್ನುತ್ತೇವೆ. ಎಲ್ಲರೂ ಚೊಂಬಿನ ಸುತ್ತ ಕೂತು, ಅದರೊಳಗೆ ಕಣ್ಣು ನೆಟ್ಟು ಮಾತಾಡುತ್ತಾರೆ.

ಇದರಿಂದ ನಮ್ಮವರೆಲ್ಲ ಸತ್ಯವಂತರಾದರು ಎಂದುಕೊಂಡರೆ ತಪ್ಪು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವುದನ್ನು ಕಲಿತರು, ಅಷ್ಟೇ. ಊಟ ಹೇಗಿತ್ತು ಎಂದು ಕೇಳಿದರೆ "ಬಾಳೆ ಎಲೆ ತುಂಬಾ ಅಗಲ ಇತ್ತು" ಎನ್ನುತ್ತಾರೆ. ಸೊಸೆ ಹೇಗೆ ಎಂದರೆ "ಕೂದಲು ಉದ್ದ" ಎನ್ನುತ್ತಾರೆ. ಬೇರೆ ಊರಿನಿಂದ ಮದುವೆಯಾಗಿ ಬಂದವರಿಗೆ ಇದು ಅರ್ಥವಾಗಲು ಎರಡು ವರ್ಷವಾದರೂ ಬೇಕು. ನಾನು ಇಲ್ಲಿಯೇ ಹುಟ್ಟಿದವಳು, ನನಗೆ ತೊಟ್ಟಿಲಲ್ಲೇ ಅರ್ಥವಾಗಿತ್ತು.

ಅದೂ ಅಲ್ಲದೆ ನಾನು ಡೈರಿಯಲ್ಲಿ ಹಾಲಿನ ಟೆಸ್ಟರ್. ಹದಿಮೂರು ವರ್ಷದಿಂದ ಬೆಳಿಗ್ಗೆ ಐದಕ್ಕೆ ಹೋಗಿ, ಬಂದ ಹಾಲಿಗೆಲ್ಲ ಲ್ಯಾಕ್ಟೋಮೀಟರ್ ಇಳಿಸಿ, ನೀರು ಬೆರೆಸಿದ್ದಾರೋ, ಗಂಜಿ ಕಲಸಿದ್ದಾರೋ ನೋಡುವವಳು. ಕ್ಯಾನು ತೆರೆದಿರುವಾಗ ಡೈರಿಯಲ್ಲಿ ಯಾರೂ ಬಾಯಿ ಬಿಡುವಂತಿಲ್ಲ. ಒಮ್ಮೆ ಒಬ್ಬ ರೈತ ಮರೆತು "ಮನೇಲಿ ಎಲ್ರೂ ಆರಾಮ" ಎಂದುಬಿಟ್ಟ. ನಲವತ್ತು ಲೀಟರ್ ಹೋಯಿತು. ಮದುವೆ ಮಾತುಕತೆಗಳಲ್ಲಿ ಸಾಕ್ಷಿಹಾಲು ಅಸಲಿಯೋ ಅಲ್ಲವೋ ಎಂದು ನೋಡಲು ನನ್ನನ್ನೇ ಕರೆಯುತ್ತಾರೆ. ಒಂದು ಮನೆಯವರು ತೆಂಗಿನಕಾಯಿ ಹಾಲಿಟ್ಟು ಕೂತಿದ್ದರು. ಮೂಸಿಯೇ ಹೇಳಿದ್ದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವ ಮಾತನ್ನು ಬೇರೆಯವರು ಗಾದೆಯೆಂದು ಹೇಳಿದರೆ ನಾನು ಕಸುಬೆಂದು ಹೇಳುತ್ತೇನೆ. ನನ್ನ ಗಂಡ ಜಯದೇವ ನನ್ನನ್ನು ಅನುಮಾನದ ಪಿಶಾಚಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಪಂಕಜ ಎನ್ನುವ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ.

ನಮ್ಮ ಮಗಳು ಮಂದಾರಳಿಗೆ ಮೂರೂವರೆ ತುಂಬಿತು. ಶಿಶುವಿಹಾರಕ್ಕೆ ಸೇರಿಸಬೇಕು. ಊರಿನಲ್ಲಿ ಹೆಸರುವಾಸಿಯಾದವು ಎರಡು: ದೊಡ್ಡ ರಸ್ತೆಯ ಧವಳ ಶಿಶುವಿಹಾರ, ಮತ್ತು ಹಳೇ ಬೆಲ್ಲದ ಮಂಡಿಯ ಕಟ್ಟಡದಲ್ಲಿರುವ ಕುಣಿಮಣಿ ಪ್ಲೇ ಹೋಮ್. ಎರಡರಲ್ಲೂ ಒಂದೊಂದೇ ಸೀಟು ಉಳಿದಿದೆ, ಶುಕ್ರವಾರದೊಳಗೆ ಹೇಳಬೇಕು ಎಂದಿದ್ದರು. ಇದನ್ನು ಕೇಳಿದ ದಿನದಿಂದ ನನಗೆ ಒಂದು ಭಯ ಹಿಡಿದಿತ್ತು. ಹಾಲುಹಲ್ಲು ಬೀಳುವ ತನಕ ಮಕ್ಕಳ ಮಾತು ಹಾಲಿಗೆ ತಟ್ಟುವುದಿಲ್ಲ. ಅವು ಏನು ಹೇಳಿದರೂ ಹಾಲು ಸುಮ್ಮನಿರುತ್ತದೆ. ಮಂದಾರ ಬಚ್ಚಲಲ್ಲಿ ಎಮ್ಮೆ ಕೂತಿದೆ ಎಂದಿದ್ದಳು, ಹಾಲು ಒಡೆಯಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿದೆ ಎಂದಿದ್ದಳು, ಆಗಲೂ ಒಡೆಯಲಿಲ್ಲ. ಮುಳ್ಳು ನಿಜವಾಗಿಯೂ ಇತ್ತು, ಎರಡು ದಿನ ಕೀವು ತುಂಬಿದ ಮೇಲೆ ಕಂಡಿತು. ನಾಳೆ ದಿನಕ್ಕೆ ಮೂರೂವರೆ ಗಂಟೆ ಹೊತ್ತು ನಾನಿಲ್ಲದ ಕಡೆ ಅವಳನ್ನು ಬಿಟ್ಟು ಬಂದರೆ, ಅಲ್ಲಿ ಏನಾಯಿತು ಎಂದು ನನಗೆ ತಿಳಿಯುವುದು ಹೇಗೆ? ನನ್ನನ್ನು ತಿನ್ನುತ್ತಿದ್ದುದು ಇದೊಂದೇ.

ಮೊದಲು ಪಕ್ಕದ ಮನೆಯ ವನಜಾಕ್ಷಿಯನ್ನು ಕೇಳಿದೆ. ಅವಳ ಮಗ ಧವಳಕ್ಕೆ ಹೋಗುತ್ತಾನೆ. ಅವಳ ಒಲೆಯ ಮೇಲೆ ಹಾಲು ತೆರೆದಿರುವ ಹೊತ್ತು ನೋಡಿಕೊಂಡೇ ಹೋಗಿದ್ದೆ. ಅವಳಿಗೂ ಅದು ಗೊತ್ತಾಯಿತು.

"ಧವಳ ಹೇಗಿದೆ ವನಜಾ?"

"ಯೂನಿಫಾರಂ ಬಟ್ಟೆ ಒಳ್ಳೇದು ಪಂಕಜಾ. ಎಷ್ಟು ಒಗೆದ್ರೂ ಬಣ್ಣ ಹೋಗಲ್ಲ."

"ಅದಲ್ಲ, ಪಾಠ, ಮಿಸ್‌ಗಳು?"

"ಗೇಟಿಗೆ ಎರಡು ಚಿಲಕ ಇದೆ. ಮಕ್ಕಳು ರಸ್ತೆಗೆ ಬರೋ ಹಾಗೇ ಇಲ್ಲ" ಎಂದು ಹೇಳಿ, ಹಾಲಿನ ಮೇಲೆ ತಟ್ಟೆ ಮುಚ್ಚಿದಳು. ಮುಚ್ಚಿದ ಮೇಲೆ "ತುಂಬಾ ಚೆನ್ನಾಗಿದೆ ಕಣೇ, ಕಣ್ಣು ಮುಚ್ಕೊಂಡು ಸೇರಿಸು" ಎಂದಳು. ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕುಣಿಮಣಿಯ ವಿಚಾರ ಕೇಳಲು ನಮ್ಮ ಡೈರಿಯ ಮ್ಯಾನೇಜರ್ ಹೆಂಡತಿಯ ಹತ್ತಿರ ಹೋದೆ. ಅವರ ಅವಳಿ ಮಕ್ಕಳು ಅಲ್ಲಿ ಕಲಿತಿದ್ದವರು. "ಮಕ್ಕಳು ನಗ್ತಾ ಮನೆಗೆ ಬರ್ತಿದ್ರು" ಎಂದರು. ಮನೆಗೆ ಬರುವಾಗ ನಗುತ್ತಿದ್ದರೆ ಹೋಗುವಾಗ ಹೇಗಿರುತ್ತಿದ್ದರು? ಕೇಳಿದೆ. "ಹೋಗುವಾಗ ಅವ್ರಪ್ಪ ಬಿಟ್ಟು ಬರ್ತಿದ್ರು, ನಾನು ನೋಡಿಲ್ಲ" ಎಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹೀಗೆ ನಾಲ್ಕೈದು ಮನೆ ಸುತ್ತಿದೆ. ಎರಡೂ ಶಾಲೆಗಳ ಗೇಟು, ಬಣ್ಣ, ಜೋಕಾಲಿ, ನಲ್ಲಿ ಎಲ್ಲ ನನಗೆ ಬಾಯಿಪಾಠವಾದವು. ಒಂದು ಶಾಲೆ ಚೆನ್ನಾಗಿದೆ ಎನ್ನುವ ನೇರ ಮಾತನ್ನು ತೆರೆದ ಹಾಲಿನ ಮುಂದೆ ಹೇಳಿದವರು ಒಬ್ಬರೂ ಸಿಗಲಿಲ್ಲ.

ಸೋಮವಾರ ಮಂದಾರಳನ್ನು ಕರೆದುಕೊಂಡು ಧವಳಕ್ಕೆ ಹೋದೆ. ಬ್ಯಾಗಿನಲ್ಲಿ ಲ್ಯಾಕ್ಟೋಮೀಟರ್, ಅಯೋಡಿನ್ ಬಾಟಲಿ, ಮತ್ತು ಮುಚ್ಚಳವಿರುವ ನನ್ನ ಚೊಂಬಿನಲ್ಲಿ ಹಾಲು. ಮುಖ್ಯೋಪಾಧ್ಯಾಯಿನಿ ಭುವನೇಶ್ವರಿ ಮೇಡಂ ಗಂಜಿ ಹಾಕಿದ ಕಾಟನ್ ಸೀರೆಯುಟ್ಟು ಕೂತಿದ್ದರು. ಅವರ ಮೇಜಿನ ಮೇಲೆ ಅಗಲ ಬಾಯಿಯ ಗಾಜಿನ ಬೋಗುಣಿಯಲ್ಲಿ ಹಾಲು, ಮುಚ್ಚಳವಿಲ್ಲದೆ. ದಿನವೂ ಬೆಳಿಗ್ಗೆ ಹೊಸದಾಗಿ ತುಂಬಿ, ಶಾಲೆ ಬಿಡುವ ತನಕ ಹಾಗೇ ಇಡುತ್ತಾರಂತೆ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಹನ್ನೊಂದು ವರ್ಷಗಳಿಂದ ಒಡೆದಿಲ್ಲ.

ಅದನ್ನು ಓದಿದ ಕೂಡಲೇ ನನ್ನ ಕೈ ಬ್ಯಾಗಿನೊಳಗೆ ಹೋಯಿತು. "ಮೇಡಂ, ತಪ್ಪು ತಿಳ್ಕೋಬೇಡಿ, ಒಂದ್ಸಲ ನೋಡ್ಲಾ?"

"ಧಾರಾಳವಾಗಿ ನೋಡಿ. ಎಲ್ಲ ತಾಯಂದಿರೂ ಏನಾದ್ರೂ ತರ್ತಾರೆ. ಹೋದ ವಾರ ಒಬ್ರು ಬೆಕ್ಕು ತಂದಿದ್ರು."

ಲ್ಯಾಕ್ಟೋಮೀಟರ್ ಇಪ್ಪತ್ತೆಂಟಕ್ಕೆ ನಿಂತಿತು, ನೀರು ಬೆರೆಸಿಲ್ಲ. ಅಯೋಡಿನ್ ಹನಿ ನೀಲಿಯಾಗಲಿಲ್ಲ, ಗಂಜಿಯೂ ಇಲ್ಲ. ನಾಲಿಗೆಗೂ ಹಚ್ಚಿ ನೋಡಿದೆ. ಒಳ್ಳೆಯ ಹಸುವಿನ ಹಾಲು, ಇವತ್ತಿನದು. ಹಾಲು ನಕಲಿಯಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಸಲಿ ಹಾಲು ಹನ್ನೊಂದು ವರ್ಷ ಒಡೆಯದೆ ಇದ್ದರೆ ಆ ಕೋಣೆಯಲ್ಲಿ ಜನ ಏನು ಮಾತಾಡುತ್ತಾರೆ ಎಂದು ನನ್ನ ಅನುಮಾನ ಇನ್ನೂ ಹೆಚ್ಚಾಯಿತು.

ತರಗತಿಯಲ್ಲಿ ಇಪ್ಪತ್ತನಾಲ್ಕು ಮಕ್ಕಳು ಪುಟ್ಟ ಪುಟ್ಟ ಕುರ್ಚಿಗಳಲ್ಲಿ ತೊಡೆಯ ಮೇಲೆ ಕೈಯಿಟ್ಟು ಕೂತಿದ್ದವು. ಮಿಸ್ ಒಂದು ದಾಸವಾಳ ಹಿಡಿದು ಯಾವ ಬಣ್ಣ ಎಂದು ಕೇಳಿದರು. ಒಂದು ಮಗು ಎದ್ದು "ನನಗೆ ಕೆಂಪು ಅಂತ ಕಾಣ್ಸುತ್ತೆ ಮಿಸ್" ಎಂದಿತು. ಭುವನೇಶ್ವರಿ ಮೇಡಂ ತಲೆದೂಗಿದರು. "ಹಲ್ಲು ಬಿದ್ದ ಮೇಲೆ ಮಕ್ಕಳಿಗೆ ದಿಢೀರಂತ ಕಷ್ಟ ಆಗಬಾರ್ದಲ್ಲ. ಈಗ್ಲಿಂದ್ಲೇ ರೂಢಿ ಮಾಡಿಸ್ತೀವಿ" ಎಂದರು. ಬಾಗಿಲ ಹತ್ತಿರ ಕೂತಿದ್ದ ಒಬ್ಬ ಹುಡುಗಿಯನ್ನು ನಾನೇ ಮಾತಾಡಿಸಿದೆ. "ಸ್ಕೂಲು ಇಷ್ಟನಾ ಪುಟ್ಟ?" ಅವಳು ಸ್ವಲ್ಪ ಹೊತ್ತು ಯೋಚಿಸಿ "ಭಾನುವಾರ ಇಷ್ಟ ಆಂಟಿ" ಎಂದಳು.

ಮಂಗಳವಾರ ಮಂದಾರಳ ಜೊತೆ ಕುಣಿಮಣಿ. ಗೇಟಿನಲ್ಲೇ ಹುಳಿ ವಾಸನೆ ಮೂಗಿಗೆ ಬಡಿಯಿತು. ಅಲ್ಲಿಯ ಒಡತಿ ಪ್ರಫುಲ್ಲಾ ಮಿಸ್ ದಪ್ಪಗಿನ ಹೆಂಗಸು, ತಲೆಗೂದಲಲ್ಲಿ ಸೀಮೆಸುಣ್ಣದ ಪುಡಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಹತ್ತು ಗಂಟೆಗೆ ನಡುಮನೆಯಲ್ಲಿ ಒಲೆಯ ಮೇಲೆ ಒಂದು ಪಾತ್ರೆ ಹಾಲಿಟ್ಟು, ಮಕ್ಕಳನ್ನೆಲ್ಲ ದೂರ ಕೂರಿಸಿ, ಹಲ್ಲುನೋವು ಬಂದ ಮೊಸಳೆಯ ಕಥೆ ಹೇಳತೊಡಗಿದರು. ಮೊಸಳೆ ಡಾಕ್ಟರ ಬಳಿಗೆ ಹೋಗುವಷ್ಟರಲ್ಲಿ ಪಾತ್ರೆಯಲ್ಲಿ ಹಾಲು ಒಡೆದು ಗಟ್ಟಿ ಬೇರೆ, ನೀರು ಬೇರೆ ಆಯಿತು. ಮಕ್ಕಳು ಚಪ್ಪಾಳೆ ತಟ್ಟಿದವು. ಕಥೆ ಮುಗಿದ ಮೇಲೆ ಅದನ್ನು ಬಟ್ಟೆಯಲ್ಲಿ ಸೋಸಿ, ಬೆಲ್ಲ ಕಲಸಿ, ಎಲ್ಲರಿಗೂ ಒಂದೊಂದು ಉಂಡೆ. ದಿನವೂ ಇದೇ ಅಂತೆ. ಹದಿಮೂರು ವರ್ಷ ಹಾಲು ಕಾದವಳಿಗೆ ಅದನ್ನು ನೋಡಲಾಗಲಿಲ್ಲ, ಕಣ್ಣಲ್ಲಿ ನೀರೇ ಬಂತು.

ಆದರೆ ಅನುಮಾನ ಅಳು ನುಂಗಿಕೊಂಡು ಎದ್ದಿತು. "ಮಿಸ್, ದಿನಾ ಒಡೆದ ಹಾಲೇ ಇದ್ರೆ, ನೀವು ಬೇರೇನಾದ್ರೂ ಸುಳ್ಳು ಹೇಳಿದ್ರೆ ತಿಳಿಯೋದು ಹೇಗೆ?"

"ತಿಳಿಯಲ್ಲ" ಎಂದರು ಅವರು.

ನಾನು ಚೊಂಬು ಹೊರಗೆ ತೆಗೆದೆ. ಅವರು ಕೈ ಅಡ್ಡ ಹಿಡಿದರು. "ಅದನ್ನ ಒಳಗಿಡೀಮ್ಮಾ. ಮುಚ್ಚಳ ತೆಗೆದ್ರೆ, ನಿಮ್ಮ ಹಾಲು ಒಡೆಯುತ್ತೆ ಅಂತ ನಾನು ಇವತ್ತು ಇನ್ನೊಂದು ಕಥೆ ಹೇಳಕ್ಕಾಗಲ್ಲ. ಮಕ್ಕಳು ಆಡ್ತಾ ಇದಾವೆ, ಒಂದು ಗಂಟೆ ಕೂತು ನೋಡಿ."

ಸಾಕ್ಷಿಹಾಲನ್ನು ಬೇಡ ಎನ್ನುವವರನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದುಕೊಂಡೆ. ಆದರೂ ಕೂತೆ. ಮಡಿಲಲ್ಲಿದ್ದ ಚೊಂಬಿನೊಳಗೆ ಏನಾಗುತ್ತಿದೆಯೋ ಎಂದು ಆಗಾಗ ಮುಚ್ಚಳ ತುಸುವೇ ಎತ್ತಿ ಇಣುಕಿದ್ದರಲ್ಲೇ ಒಂದು ಗಂಟೆ ಕಳೆಯಿತು. ಮಂದಾರ ಆ ಹೊತ್ತಿಗೆ ಹೊಟ್ಟೆಯ ಮೇಲೆ ಹರಿದಾಡುತ್ತ ಮೊಸಳೆಯಾಗಿದ್ದಳಂತೆ. ಮನೆಗೆ ಬಂದು ಅವಳೇ ಹೇಳಿದ್ದು, ನಾನು ಕಾಣಲಿಲ್ಲ.

ಆ ದಿನ ಮಧ್ಯಾಹ್ನ ಮನೆಯಲ್ಲಿ ಚರ್ಚೆಯಾಯಿತು. ನನ್ನ ಅತ್ತೆ ಪುಟ್ಟತಾಯಮ್ಮ ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟರು. "ಹಾಲು ಒಡೆಯೋ ಮನೆಗೆ ಯಾರಾದ್ರೂ ಹೆಣ್ಣುಮಗೂನ ಕಳಿಸ್ತಾರೇನೇ?" ಜಯದೇವ ಪುರಸಭೆಯಲ್ಲಿ ಬೀದಿಗಳಿಗೆ ನೀರು ಬಿಡುವ ಕೆಲಸದವರು, ಯಾವ ವಾಲ್ವ್ ಯಾವಾಗ ತಿರುಗಿಸಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು. "ಅಮ್ಮ ಹೇಳೋದೂ ಸರಿ, ನೀನು ಯೋಚ್ನೆ ಮಾಡೋದೂ ಸರಿ. ಒಂದು ದಿನ ಬಿಟ್ಟು ನೋಡಿ ಅಂತ ಧವಳದವ್ರೇ ಅಂತಾರಲ್ಲ, ಬಿಟ್ಟು ನೋಡೋಣ" ಎಂದರು. ಬುಧವಾರ ಬಿಟ್ಟೆವು. ಡೈರಿಯಲ್ಲಿ ಆ ದಿನ ನಾನು ಎರಡು ಸಲ ಲ್ಯಾಕ್ಟೋಮೀಟರ್ ತಪ್ಪು ಓದಿದೆ.

ಹನ್ನೆರಡೂವರೆಗೆ ಕರೆದುಕೊಂಡು ಬಂದಾಗ ಮಂದಾರ ದಾರಿಯುದ್ದಕ್ಕೂ ನನ್ನ ಸೆರಗು ಹಿಡಿದೇ ನಡೆದಳು. ಅನ್ನ ಸಾರು ಕಲಸಿ ಎರಡು ತುತ್ತು ತಿನ್ನಿಸಿದ ಮೇಲೆ ಬಾಯಿ ಬಿಟ್ಟಳು.

"ಮಿಸ್ ನನ್ನ ಕಟ್ಟಿ ಹಾಕಿದ್ರು."

ನನ್ನ ಕೈ ತಟ್ಟೆಯಲ್ಲೇ ನಿಂತಿತು. "ಎಲ್ಲಿಗೆ?"

"ಕುರ್ಚಿಗೆ. ಅವ್ರ ವೇಲಲ್ಲಿ. ಆಮೇಲೆ ಆನೆ ಬಂತು. ಆನೆ ಕಿಟಕೀಲಿ ಸೊಂಡಿಲು ಹಾಕಿ ಬಾಳೆಹಣ್ಣು ಕೇಳ್ತು."

ಜಯದೇವ ಜೋರಾಗಿ ನಕ್ಕರು. ಅತ್ತೆಯೂ ನಕ್ಕರು. "ಆನೆ ಕಟ್ಟೋ ಶಾಲೇಲಿ ಇವಳನ್ನೂ ಕಟ್ಟದೆ ಬಿಡ್ತಾರಾ?" ಎಂದರು ಜಯದೇವ. ನಾನು ಪಕ್ಕದಲ್ಲಿದ್ದ ಹಾಲಿನ ಪಾತ್ರೆ ನೋಡಿದೆ. ಕೆನೆ ಕಟ್ಟಿ ತಣ್ಣಗೆ ಕೂತಿತ್ತು. ಆನೆಗೂ ಒಡೆಯಲಿಲ್ಲ, ವೇಲಿಗೂ ಒಡೆಯಲಿಲ್ಲ. ಅವಳು ಹೇಳಿದ್ದರಲ್ಲಿ ಎಷ್ಟು ನಿಜ, ಎಷ್ಟು ಎಮ್ಮೆ, ಹೇಳುವವರು ಯಾರೂ ಇರಲಿಲ್ಲ. ಆ ತುತ್ತು ಕಲಸುತ್ತ ನನಗೆ ನನ್ನ ಊರಿನ ಮೇಲೇ ಸಿಟ್ಟು ಬಂತು.

ಗುರುವಾರ ಬೆಳಿಗ್ಗೆ ಡೈರಿ ಮುಗಿಸಿ ನೇರ ಭುವನೇಶ್ವರಿ ಮೇಡಂ ಕೋಣೆಗೆ ಹೋದೆ. ಬೋಗುಣಿಯ ಮುಂದೆ ಕೂತು, ಹಾಲಿನಲ್ಲಿ ಕಣ್ಣಿಟ್ಟು ಕೇಳಿದೆ.

"ಮೇಡಂ, ನಿನ್ನೆ ನಮ್ಮ ಮಗೂನ ಕುರ್ಚಿಗೆ ಕಟ್ಟಿದ್ರಾ?"

"ನಮ್ಮಲ್ಲಿ ಯಾವ ಮಗುವಿಗೂ ಹೊಡೆಯೋದಿಲ್ಲ ಪಂಕಜಾ ಅವ್ರೇ. ಬೈಯೋದೂ ಇಲ್ಲ."

ಹಾಲು ಕದಲಲಿಲ್ಲ.

"ಕಟ್ಟೋದು?"

"ಈ ವಯಸ್ಸಿನ ಮಕ್ಕಳು ಏನೇನೋ ಹೇಳ್ತಾವೆ. ನನ್ನ ಮೊಮ್ಮಗ ದಿನಾ ಮಂಚದ ಕೆಳಗೆ ಹುಲಿ ಇದೆ ಅಂತಾನೆ."

ಹಾಲು ಕದಲಲಿಲ್ಲ.

"ನಿನ್ನೆ ಇಡೀ ದಿನ ನಿಮ್ಮ ಮಗು ಎಲ್ಲೂ ಬೀಳಲಿಲ್ಲ, ಗಾಯ ಮಾಡ್ಕೊಳ್ಳಲಿಲ್ಲ, ಒಂದಗುಳೂ ಚೆಲ್ಲಲಿಲ್ಲ. ತಾಯಿ ಬಂದು ಹೀಗೆ ಕೇಳಿದ್ರೆ ನನಗೆ ನೋವಾಗುತ್ತೆ."

ಮೂರು ಮಾತಿಗೂ ಹಾಲು ಕನ್ನಡಿಯಷ್ಟು ನುಣ್ಣಗೆ ಉಳಿಯಿತು. ನನಗೆ ನಾಚಿಕೆಯಾಯಿತು. ಹಾಲಿನ ಮುಂದೆ ಹಾಲಿನ ಟೆಸ್ಟರ್ ಅನುಮಾನ ಪಡುವುದೇ ಎಂದುಕೊಂಡು, ಅವರು ಮುಂದಿಟ್ಟ ಫಾರಂಗೆ ಸಹಿ ಹಾಕಿ, ಯೂನಿಫಾರಂ ಪೊಟ್ಟಣ ಹಿಡಿದು ಮನೆಗೆ ಬಂದೆ. ನಾನು ಕೇಳಿದ ಪ್ರಶ್ನೆಗೆ ಅವರು ಉತ್ತರ ಕೊಟ್ಟಿಲ್ಲ ಎನ್ನುವುದು ದಾರಿಯಲ್ಲಾಗಲಿ, ಮನೆಯಲ್ಲಾಗಲಿ ನನಗೆ ಹೊಳೆಯಲಿಲ್ಲ. ಹಾಲು ಒಡೆಯದಿದ್ದರೆ ಉತ್ತರ ಬಂತು ಎಂದೇ ಅರ್ಥ ಮಾಡಿಕೊಂಡು ಬೆಳೆದವರು ನಾವು. ಇಂಥ ತಪ್ಪು ಈ ಊರಿನವರು ಮಾತ್ರ ಮಾಡುತ್ತಾರೆ, ಅದರಲ್ಲೂ ನನ್ನಷ್ಟು ನಿಷ್ಠೆಯಿಂದ ಯಾರೂ ಮಾಡಿರಲಾರರು.

ಮಧ್ಯಾಹ್ನ ಅಡುಗೆಮನೆಯ ನೆಲದ ಮೇಲೆ ಕೂತು ಯೂನಿಫಾರಂನ ಕಾಲರಿಗೆ ಹೆಸರಿನ ಪಟ್ಟಿ ಹೊಲಿಯುತ್ತಿದ್ದೆ. ಪಕ್ಕದಲ್ಲಿ ಕಾಯಿಸಿದ ಹಾಲು ಆರುತ್ತಿತ್ತು. ಮಂದಾರ ಬಂದು ಆ ಅಂಗಿಯನ್ನು ನೋಡಿದಳು.

"ನಾನು ಅಲ್ಲಿಗೆ ಹೋಗಲ್ಲ."

"ಯಾಕಮ್ಮಾ?" ಎಂದೆ. ಅಭ್ಯಾಸ ನೋಡಿ, ಅವಳ ಮಾತು ಹಾಲಿಗೆ ತಟ್ಟುವುದಿಲ್ಲ ಎಂದು ಗೊತ್ತಿದ್ದೂ ನನ್ನ ಕಣ್ಣು ಪಾತ್ರೆಯ ಕಡೆಗೇ ಹೋಯಿತು.

"ಅಮ್ಮಾ."

"ಹೇಳು, ಕೇಳಿಸ್ಕೊಳ್ತಾ ಇದೀನಿ."

ಅವಳು ಹತ್ತಿರ ಬಂದು ತನ್ನ ಎರಡೂ ಅಂಗೈಗಳಿಂದ ನನ್ನ ಗಲ್ಲ ಹಿಡಿದು, ಬಲವಾಗಿ ತನ್ನ ಕಡೆಗೆ ತಿರುಗಿಸಿದಳು. "ಅಲ್ಲಿ ಯಾಕೆ ನೋಡ್ತೀಯಾ? ನಾನು ಹೇಳ್ತಿರೋದು."

ಸ್ನಾನ ಮಾಡಿಸುವಾಗ, ತಲೆ ಬಾಚುವಾಗ, ನಿದ್ದೆ ಮಾಡಿದಾಗ ಆ ಮುಖವನ್ನು ಸಾವಿರ ಸಲ ನೋಡಿದ್ದೇನೆ. ಮಾತಾಡುವಾಗ ಅದು ಏನು ಮಾಡುತ್ತದೆ ಎನ್ನುವುದು ಮಾತ್ರ ನನಗೆ ಗೊತ್ತಿರಲಿಲ್ಲ. ಗಂಡನ ಮುಖವೂ ಗೊತ್ತಿರಲಿಲ್ಲ, ಅಮ್ಮನ ಮುಖವೂ ಗೊತ್ತಿರಲಿಲ್ಲ. ಮೂವತ್ತಾರು ವರ್ಷ ಪಾತ್ರೆ ನೋಡಿಕೊಂಡು ಬದುಕಿದ್ದೆ. ಸೂಜಿ ಕೆಳಗಿಟ್ಟೆ. ನಾನು ಮೆಲ್ಲಗೆ "ಆನೆ ವಿಷಯ ಹೇಳು" ಎಂದೆ.

ಅವಳ ಹುಬ್ಬು ಮೇಲೇರಿತು. ಕಣ್ಣು ಅಗಲವಾಯಿತು. ಆನೆ ಇಷ್ಟು ದೊಡ್ಡದಿತ್ತು, ಬಾಳೆಹಣ್ಣು ಕೇಳಿತು, ನಾನು ಎರಡು ಕೊಟ್ಟೆ, ಅಲ್ಲ ಹತ್ತು ಕೊಟ್ಟೆ ಎಂದು ಕೈ ಬೀಸಿ ಬೀಸಿ ಹೇಳಿದಳು. ನಾನು ನಂಬಿದೆನೋ ಇಲ್ಲವೋ ಎಂದು ನಡುನಡುವೆ ಓರೆಗಣ್ಣಿಂದ ನೋಡಿ, ತುಟಿ ಕಚ್ಚಿ ನಗು ತಡೆದಳು.

"ಮಿಸ್ ವೇಲಿನ ವಿಷಯ?"

ಕೈಗಳು ಕೆಳಗಿಳಿದವು. ನಗು ಎಲ್ಲಿಗೋ ಹೋಯಿತು. ಅವಳು ನನ್ನನ್ನು ನೋಡಲಿಲ್ಲ, ತನ್ನ ಹೊಟ್ಟೆಯನ್ನು ನೋಡಿಕೊಂಡಳು. "ಇಲ್ಲಿ ಕಟ್ಟಿದ್ರು" ಎಂದು ಹೊಕ್ಕುಳ ಮೇಲೆ ಬೆರಳಿಟ್ಟಳು. "ನಾನು ಎದ್ದೇಳ್ತಿದ್ನಲ್ಲ, ಅದಕ್ಕೆ. ಉಚ್ಚೆ ಬಂದಿತ್ತು. ಹೇಳ್ದೆ. ಕೈ ತೊಡೆ ಮೇಲೆ ಇಟ್ಕೋ ಅಂದ್ರು." ಕೆಳತುಟಿ ಒಂದು ಸಲ ನಡುಗಿ ನಿಂತಿತು. ಕಾಲಿನ ಬೆರಳುಗಳು ನೆಲವನ್ನು ಒತ್ತಿ ಹಿಡಿದಿದ್ದವು.

ಅವಳು ಹೇಳುತ್ತಿದ್ದುದು ನಿಜ. ನನಗೆ ಯಾವ ಲ್ಯಾಕ್ಟೋಮೀಟರೂ ಬೇಕಾಗಲಿಲ್ಲ. ಅವಳನ್ನು ಎಳೆದು ತಬ್ಬಿಕೊಂಡೆ. ಒಂದು ದಿನ ಪೂರ್ತಿ ನಿಜವನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ ಮಗುವನ್ನು ನಾನು ಅನುಮಾನಿಸಿ, ಅನುಮಾನಿಸಬೇಕಾದವರ ಮುಂದೆ ನಾಚಿಕೆ ಪಟ್ಟು ಸಹಿ ಹಾಕಿ ಬಂದಿದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಅವಮಾನ ಇನ್ನೊಂದು ಸಲ ಆಗಿಲ್ಲ.

ಜಯದೇವ ಊಟಕ್ಕೆ ಬಂದಾಗ ಹೇಳಿದೆ. ಅವರು ಕೇಳಿದ ಮೊದಲ ಮಾತು, "ಹಾಲು?"

"ಹಾಲು ಬಿಡಿ. ಇವಳ ಮುಖ ನೋಡ್ಕೊಂಡು ಕೂತ್ಕೊಳಿ. ಆನೆದೂ ಕೇಳಿ, ವೇಲಿಂದೂ ಕೇಳಿ."

"ಮುಖ ನೋಡಿ ನಂಬೋದಾ?" ಎಂದು ಅತ್ತೆ ಒಳಗಿನಿಂದ ಮೂಗು ಮುರಿದರು. "ಮುಖಕ್ಕೇನು, ಹೆಂಗ್ ಬೇಕೋ ಹಂಗ್ ತಿರುಗುತ್ತೆ." ಜಯದೇವ ಮಾತ್ರ ಮಗಳ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತರು. ಮೊದಲು ನಗುತ್ತಿದ್ದರು. ಅವಳು ಹೊಕ್ಕುಳ ಮೇಲೆ ಬೆರಳಿಟ್ಟು ತೋರಿಸಿದಾಗ ಎದ್ದು ಹಿತ್ತಿಲಿಗೆ ಹೋಗಿ ನಲ್ಲಿ ಬಿಟ್ಟು ಬಹಳ ಹೊತ್ತು ಮುಖ ತೊಳೆದರು.

ಶುಕ್ರವಾರ ಬೆಳಿಗ್ಗೆ ಇಬ್ಬರೂ ಧವಳಕ್ಕೆ ಹೋದೆವು. ಈ ಸಲ ನಾನು ಬೋಗುಣಿಯ ಕಡೆ ತಿರುಗಲಿಲ್ಲ. ಭುವನೇಶ್ವರಿ ಮೇಡಂ ಮುಖವನ್ನೇ ನೋಡುತ್ತ, ಮಗುವನ್ನು ಕಟ್ಟಿದ್ದು ಹೌದೋ ಅಲ್ಲವೋ, ಅಷ್ಟೇ ಹೇಳಿ ಎಂದೆ. ಅವರಿಗೆ ಆ ನೋಟ ರೂಢಿಯಿರಲಿಲ್ಲ. ಬಾಯಿ ತೆರೆಯುವ ಮೊದಲು ಹಾಲಿನ ಕಡೆ ಒಮ್ಮೆ ನೋಡಿದರು, ಬಾಗಿಲ ಕಡೆ ಒಮ್ಮೆ ನೋಡಿದರು, ಮೇಲುತುಟಿಯ ಮೇಲೆ ಬೆವರು ಮೂಡಿತು. "ನಮ್ಮ ಶಿಸ್ತಿನ ಬಗ್ಗೆ ಊರಿಗೇ ಗೊತ್ತು" ಎಂದರು. ಅಂದರೆ ಹೌದು. ಜಯದೇವ ಫಾರಂ ವಾಪಸ್ಸು ತೆಗೆದುಕೊಂಡರು. ಹಾಲು ಆಗಲೂ ಒಡೆದಿರಲಿಲ್ಲ. ಹನ್ನೆರಡನೇ ವರ್ಷಕ್ಕೂ ಅದು ಹಾಗೇ ಇರುತ್ತದೆ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ವನಜಾಕ್ಷಿಗೂ ಹೇಳಿದೆ. ನಿನ್ನ ಮಗ ಮಾತಾಡುವಾಗ ಒಂದು ಸಲ ಅವನ ಮುಖ ನೋಡು ಎಂದೆ. ಅವಳು ತನ್ನ ಒಲೆಯ ಮೇಲಿನ ಪಾತ್ರೆ ನೋಡಿದಳು. ಅದು ಸರಿಯಾಗಿಯೇ ಇತ್ತು. "ನೀನು ಹೇಳ್ತಿರೋದು ಸುಳ್ಳಂತೂ ಅಲ್ಲ" ಎಂದು ಮೆಲ್ಲಗೆ ಹೇಳಿ, ಮಗನನ್ನು ಕೂಗುತ್ತ ಒಳಗೆ ಹೋದಳು.

ಅಂದೇ ಮಧ್ಯಾಹ್ನ ಕುಣಿಮಣಿಗೆ ಹೋಗಿ ಪ್ರಫುಲ್ಲಾ ಮಿಸ್ ಎದುರು ನಿಂತೆ. ಚೊಂಬು ಒಯ್ದಿರಲಿಲ್ಲ. ಅವರ ಮುಖ ಓದಲು ಪ್ರಯತ್ನಪಟ್ಟೆ. ಅಷ್ಟು ದೊಡ್ಡ ಮುಖ, ಒಂದು ಕಡೆ ನಗು, ಒಂದು ಕಡೆ 'ಯಾಕಮ್ಮಾ ಹೀಗೆ ನೋಡ್ತೀಯಾ' ಎನ್ನುವ ಕಿರಿಕಿರಿ. ನನಗೆ ಪೂರ್ತಿ ತಿಳಿಯಲಿಲ್ಲ. ಎರಡು ದಿನದ ವಿದ್ಯೆ ಎಷ್ಟು ದೂರ ಬರುತ್ತದೆ? ಕೊನೆಗೆ ಜೊತೆಗೆ ಬಂದಿದ್ದ ಮಂದಾರಳನ್ನೇ ಕೇಳಿದೆ, ಇವರ ಹತ್ತಿರ ಇರುತ್ತೀಯಾ ಎಂದು. ಅವಳು ಅವರನ್ನು ಕತ್ತೆತ್ತಿ ನೋಡಿ "ಮೊಸಳೆ ಹಲ್ಲು ಸರಿಹೋಯ್ತಾ?" ಎಂದಳು. "ಸೋಮವಾರ ಬಾ, ಹೇಳ್ತೀನಿ" ಎಂದರು ಅವರು. ಸೇರಿಸಿದೆವು. ನನ್ನ ಅನುಮಾನ ಪೂರ್ತಿ ಹೋಗಿತ್ತು ಎಂದರೆ ಸುಳ್ಳಾದೀತು.

ಸೋಮವಾರ ಬೆಳಿಗ್ಗೆ ಗೇಟಿನ ಬಳಿ ತಾಯಂದಿರ ಗುಂಪು. ಅಲ್ಲಿ ತೆರೆದ ಹಾಲಿಲ್ಲ, ಇದ್ದರೂ ಹೇಗೂ ಒಡೆಯುವ ಹಾಲು, ಹಾಗಾಗಿ ಊರಿನ ಇನ್ನೆಲ್ಲೂ ಕೇಳಲು ಸಿಗದ ಸುಳ್ಳುಗಳು ಅಲ್ಲಿ ಧಾರಾಳವಾಗಿ ಹರಿಯುತ್ತಿದ್ದವು. "ಇಲ್ಲೇ ನಿಂತಿರ್ತೀನಿ ಚಿನ್ನಾ." "ಅಮ್ಮ ಎಲ್ಲೂ ಹೋಗಲ್ಲ ಕಂದಾ, ಈ ಮರದ ಹತ್ರಾನೇ ಇರ್ತೀನಿ." ಮಕ್ಕಳು ಅಳುತ್ತ ಒಳಗೆ ಹೋಗುತ್ತಿದ್ದವು, ತಾಯಂದಿರು ಹಿಂದೆ ನೋಡದೆ ಸ್ಕೂಟರ್ ಹತ್ತುತ್ತಿದ್ದರು.

ಮಂದಾರ ನನ್ನ ತೋರುಬೆರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಬಾಗಿಲ ತನಕ ಬಂದು ನಿಂತಳು.

"ಅಮ್ಮಾ, ನೀನು ಇಲ್ಲೇ ಇರ್ತೀಯಾ?"

ಡೈರಿಯಲ್ಲಿ ಎರಡನೇ ಸರದಿಯ ಹಾಲು ಬಂದು ನಿಂತಿತ್ತು. ನಾಲಿಗೆಯ ತುದಿಗೆ ಬಂದಿತ್ತು, ಇಲ್ಲೇ ಇರ್ತೀನಿ ಎನ್ನುವ ಮಾತು. ಹೇಳಿದ್ದರೆ ಯಾವ ಹಾಲೂ ಒಡೆಯುತ್ತಿರಲಿಲ್ಲ. ಅವಳು ಅಳದೆ ಹೋಗುತ್ತಿದ್ದಳು, ನಾನೂ ಹಗುರಾಗಿ ಹೊರಡುತ್ತಿದ್ದೆ. ನಾನು ಅವಳೆದುರು ಮಂಡಿಯೂರಿ ಕೂತೆ.

"ಇಲ್ಲಮ್ಮಾ. ನಾನು ಡೈರಿಗೆ ಹೋಗ್ತೀನಿ. ಹನ್ನೆರಡೂವರೆಗೆ ಬರ್ತೀನಿ. ನಂಗೂ ಭಯ ಆಗ್ತಿದೆ."

ಅವಳು ನನ್ನ ಕಣ್ಣು, ಹುಬ್ಬು, ಬಾಯಿ ಎಲ್ಲವನ್ನೂ ಒಂದೊಂದಾಗಿ ನೋಡಿದಳು, ಅವಸರವಿಲ್ಲದೆ. ಒಳಗೆ ಗಂಟೆ ಹೊಡೆಯಿತು, ಆದರೂ ನೋಡುತ್ತಲೇ ಇದ್ದಳು. ನನ್ನ ಕಣ್ಣಲ್ಲಿ ನೀರು ತುಂಬಿದ್ದರೂ ನಾನು ಮುಖ ತಿರುಗಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳ ಮುಷ್ಟಿ ಸಡಿಲವಾಯಿತು. ಬೆರಳು ಬಿಟ್ಟು ಒಳಗೆ ಹೋದಳು.